ಬೇಗಡೆಯ ಅಂಚು

ಆಟಿಯ ಮಳೆ ಹಿಡಿದ ಮೇಲೆ ಮಾನಂದವಾಡಿಯಲ್ಲಿ ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಬಣ್ಣ ಬಳಿದ ವಸ್ತುವಿನ ಮಾತು ಹೇಳುವುದೇ ಬೇಡ. ಪೇಟೆಯಿಂದ ತುಸು ದೂರದ ಬಾಡಿಗೆ ಮನೆಯೊಂದರಲ್ಲಿ, ಊಟದ ಮೇಜಿನ ಮೂಲೆಯಲ್ಲಿ, ರಟ್ಟಿನ ಪೆಟ್ಟಿಗೆಯೊಂದನ್ನು ಕವುಚಿ ಇಡಲಾಗಿತ್ತು. ಅದರ ನೆತ್ತಿಗೆ ತೂತು ಕೊರೆದು 40 ವ್ಯಾಟಿನ ಹಳೆಯ ಬಲ್ಬೊಂದನ್ನು ಇಳಿಬಿಟ್ಟಿದ್ದರು. ಒಳಗೆ, ಆ ಬಿಸಿಗೆ ಮೈಯೊಡ್ಡಿ, ಅಂಗೈಯುದ್ದದ ಬಿಳಿಯ ಅಂಬಾಸಡರ್ ಕಾರೊಂದು ನಾಲ್ಕು ದಿನಗಳಿಂದ ಆರುತ್ತಿತ್ತು. ಮನೆಯ ಮೂವರೂ ಆ ಮೂಲೆಯನ್ನು ಅದಕ್ಕೇ ಬಿಟ್ಟುಕೊಟ್ಟು ಉಳಿದ ಜಾಗದಲ್ಲಿ ಊಟಕ್ಕೆ ಕುಳಿತುಕೊಳ್ಳುತ್ತಿದ್ದರು.

ಕಾರು ಕಟ್ಟುತ್ತಿದ್ದವನು ಎಂಟನೆಯ ತರಗತಿಯ ಹುಡುಗ. ಏಳನೆಯ ತರಗತಿಯವರೆಗೆ ಅವನು ಕುಂಬಳೆಯ ಸಮೀಪದ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿದ್ದನು. ತಾಯಿಗೆ ಸರಕಾರಿ ಕಚೇರಿಯಲ್ಲಿ ಕೆಲಸ. ವಯನಾಡಿಗೆ ವರ್ಗವಾದಾಗ ಮಗನನ್ನು ಜೊತೆಗೆ ಕರೆತರದೆ ಬೇರೆ ದಾರಿಯಿರಲಿಲ್ಲ. ಹೊಸ ಶಾಲೆಯಲ್ಲಿ ಕನ್ನಡ ಮಾಧ್ಯಮವಿರಲಿಲ್ಲ. ಲೆಕ್ಕದಲ್ಲಿ ಮುಂದಿದ್ದ ಹುಡುಗನಿಗೆ ಲೆಕ್ಕವೇ ಪರಕೀಯವಾಯಿತು. ತ್ರಿಜ್ಯವೆಂದು ಕಲಿತದ್ದು ಇಲ್ಲಿ ‘ಆರಂ’ ಆಗಿತ್ತು. ವ್ಯಾಸ ಮಾತ್ರ ಹೆಚ್ಚು ಕಡಿಮೆ ವ್ಯಾಸವಾಗಿಯೇ ಉಳಿದುಕೊಂಡದ್ದು ಅವನ ಪುಣ್ಯ. ಮಲಯಾಳವನ್ನು ಆಡಲು ಅವನಿಗೆ ಮೊದಲೇ ಬರುತ್ತಿತ್ತು. ಆದರೆ ಆಡುವುದು ಬೇರೆ, ಪರೀಕ್ಷೆ ಬರೆಯುವುದು ಬೇರೆ. ಮೊದಲ ಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದ ಮೇಲೆ ಅವನು ಮನೆಯಲ್ಲಿಯೂ ಮಾತು ಕಡಿಮೆ ಮಾಡಿದನು.

ಕೇರಳದಲ್ಲಿ ವಾಹನಗಳ ಸಣ್ಣ ಮಾದರಿಗಳನ್ನು ಕಟ್ಟುವ ಹುಡುಗರಿಗೆ ಕೊರತೆಯಿಲ್ಲ. ಫೋಮ್ ಶೀಟು ಕತ್ತರಿಸಿ ಸರಕಾರಿ ಬಸ್ಸು, ಪ್ರವಾಸಿ ಬಸ್ಸುಗಳನ್ನು ಕನ್ನಡಿ, ಬೋರ್ಡುಗಳ ಸಮೇತ ಕಟ್ಟಿ ನಿಲ್ಲಿಸುವವರು ಊರೂರಿನಲ್ಲಿ ಇದ್ದಾರೆ. ಅಂತಹ ಒಬ್ಬ ಸಹಪಾಠಿಯ ಪಕ್ಕದಲ್ಲಿ ಕುಳಿತು ಹುಡುಗನಿಗೂ ಈ ಗೀಳು ಹಿಡಿಯಿತು. ಆದರೆ ಅವನಿಗೆ ಬಸ್ಸು ಬೇಕಾಗಿರಲಿಲ್ಲ. ತಂದೆ ಕೊಲ್ಲಿಗೆ ಹೋಗುವ ಮೊದಲು ಕಾಸರಗೋಡಿನಲ್ಲಿ ಬಾಡಿಗೆಗೆ ಓಡಿಸುತ್ತಿದ್ದ ಬಿಳಿಯ ಅಂಬಾಸಡರ್ ಬೇಕಾಗಿತ್ತು. ಕೆಎಲ್ 14 ಎಂದು ತೊಡಗುವ ಸಂಖ್ಯೆ. ಬಾಗಿಲಿಗೆ ಒರಗಿ ನಿಂತ ತಂದೆ. ಅವರ ತೋಳಿನಲ್ಲಿ ಇನ್ನೂ ಹಲ್ಲು ಮೂಡದ ತಾನು. ಇಷ್ಟು ಒಂದು ಭಾವಚಿತ್ರದಲ್ಲಿ ಉಳಿದಿತ್ತು. ವೀಸಾದ ಖರ್ಚಿಗೆ ಕಾರು ಮಾರಿಹೋಗಿತ್ತು. ಓಣಂ ಕಳೆದ ಕೂಡಲೇ ತಂದೆ ರಜೆಯಲ್ಲಿ ಬರುವವರಿದ್ದರು. ಅಷ್ಟರೊಳಗೆ ಕಾರು ಮುಗಿಯಬೇಕು, ಅವರಿಗೆ ಮೊದಲೇ ತಿಳಿಯಬಾರದು ಎಂಬುದು ಅವನ ಸಂಕಲ್ಪ.

ಅಂಬಾಸಡರ್ ಎಂದರೆ ನಮ್ಮ ಎರಡು ಮೂರು ತಲೆಮಾರಿಗೆ ವಿವರಣೆ ಬೇಡ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚನ್ನು ಆಧರಿಸಿ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆ 1950ರ ದಶಕದ ಕೊನೆಯಲ್ಲಿ ತಯಾರಿಸಲು ತೊಡಗಿದ ಈ ಕಾರು, ಪಶ್ಚಿಮ ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ 2014ರಲ್ಲಿ ತಯಾರಿಕೆ ನಿಲ್ಲುವವರೆಗೆ ತನ್ನ ದುಂಡು ಮೈಯನ್ನು ಹೆಚ್ಚು ಬದಲಿಸಿಕೊಳ್ಳಲಿಲ್ಲ. ಮಂತ್ರಿಗಳೂ ಅದರಲ್ಲೇ, ಮದುಮಕ್ಕಳೂ ಅದರಲ್ಲೇ, ಹೆರಿಗೆಗೆ ಹೊರಟವರೂ ಅದರಲ್ಲೇ. ಹಳೆಯ ಕಾರಿನ ಅಂದವೆಲ್ಲ ಅದರ ಹೊಳೆಯುವ ಅಂಚುಗಳಲ್ಲಿ ಇತ್ತು: ಮುಂದಿನ ಹಿಂದಿನ ಬಂಪರುಗಳು, ದೀಪಗಳ ಸುತ್ತಣ ಬಳೆ, ಬಾಗಿಲಿನ ಹಿಡಿಕೆ, ಗಾಜಿನ ಸುತ್ತಿನ ತೆಳ್ಳನೆಯ ಚೌಕಟ್ಟು. ಚಾಲಕನಾದವನು ಬೆಳಗ್ಗೆ ಎದ್ದು ಮೊದಲು ಒರೆಸುತ್ತಿದ್ದುದು ಇವುಗಳನ್ನೇ.

ಹುಡುಗನು ಅಂಗಡಿಯಲ್ಲಿ ಸಿಕ್ಕುವ ಪ್ಲಾಸ್ಟಿಕಿನ ಆಟಿಕೆಯೊಂದನ್ನು ತಂದು, ತಳದ ತಿರುಪು ಬಿಚ್ಚಿ, ಮೈಯನ್ನು ಬೇರ್ಪಡಿಸಿ, ನೀರು ಕಾಗದದಿಂದ ತಿಕ್ಕಿ, ಹೊಸದಾಗಿ ಬಿಳಿ ಬಣ್ಣ ಹೊಡೆದಿದ್ದನು. ಇಲ್ಲಿಯವರೆಗಿನ ಕೆಲಸ ಸುಲಭವಲ್ಲದಿದ್ದರೂ ತಿಳಿಯುವಂತಹದು. ತೊಡಕಿದ್ದುದು ಅಂಚುಗಳಲ್ಲಿ. ಬೆಳ್ಳಿ ಬಣ್ಣ ಬಳಿದರೆ ಅದು ಬೆಳ್ಳಿ ಬಣ್ಣವಾಗಿಯೇ ಕಾಣುತ್ತದೆ, ಕ್ರೋಮಿಯಂ ಲೇಪದಂತೆ ಹೊಳೆಯುವುದಿಲ್ಲ. ಬಣ್ಣದೊಳಗಿನ ಲೋಹದ ಕಣಗಳು ಬೆಳಕನ್ನು ಚದುರಿಸಿಬಿಡುತ್ತವೆ. ಮಾದರಿ ಕಾರು ಕಟ್ಟುವುದರಲ್ಲಿ ಪಳಗಿದವರು ಇದಕ್ಕಾಗಿ ನಿಜವಾದ ಲೋಹವನ್ನೇ ಬಳಸುತ್ತಾರೆ. ಉಸಿರು ತಾಗಿದರೆ ಅದುರುವಷ್ಟು ತೆಳುವಾದ, ಬೆನ್ನಿಗೆ ಅಂಟು ಬಳಿದ ಅಲ್ಯೂಮಿನಿಯಂ ಹಾಳೆ ಅದು. ಅಮೆರಿಕದಲ್ಲಿ ತಯಾರಾಗುವ ‘ಬೇರ್ ಮೆಟಲ್ ಫಾಯಿಲ್’ ಎಂಬುದು ಅವರಲ್ಲಿ ಹೆಸರಾದದ್ದು. ದುಬೈಯಲ್ಲಿ ತಂದೆಯ ಕೋಣೆಯಲ್ಲಿದ್ದ ಗೆಳೆಯನೊಬ್ಬನಿಗೆ ಈ ಹವ್ಯಾಸವಿತ್ತು. ಶಾಲೆಯ ಕೆಲಸಕ್ಕೆಂದು ಹುಡುಗ ಹೇಳಿದ ಸುಳ್ಳನ್ನು ನಂಬಿ ತಂದೆ ಅವನಿಂದ ಒಂದು ತುಂಡು ಕೇಳಿ ಪಡೆದು, ಊರಿಗೆ ಬರುವವರ ಕೈಯಲ್ಲಿ ಕಳುಹಿಸಿದ್ದರು. ಎರಡು ಬೆರಳಗಲ, ಒಂದು ಗೇಣುದ್ದ. ಅಷ್ಟೇ. ಇನ್ನೊಂದು ತುಂಡು ಕೇಳುವಂತಿರಲಿಲ್ಲ. ಮಡಿಕೆ ಬೀಳದಿರಲೆಂದು ಹುಡುಗ ಅದನ್ನು ಏಳನೆಯ ತರಗತಿಯ ಕನ್ನಡ ಪಾಠಪುಸ್ತಕದ ನಡುವೆ ಇಟ್ಟಿದ್ದನು. ಆ ಪುಸ್ತಕಕ್ಕೆ ಬೇರೆ ಉಪಯೋಗ ಆಗ ಇರಲಿಲ್ಲವಲ್ಲ.

ಅಡುಗೆಮನೆಯ ಫಾಯಿಲು ಸಾಲದೇ ಎಂದು ತಾಯಿ ಕೇಳಿದ್ದುಂಟು. ಅದನ್ನೂ ಕೆಲವರು ಬೇರೆ ಅಂಟು ಹಚ್ಚಿ ಬಳಸುತ್ತಾರೆ. ಅದರ ಒಂದು ಮೈ ಹೊಳೆಯುತ್ತದೆ, ಇನ್ನೊಂದು ಮಂಕಾಗಿರುತ್ತದೆ; ಕೊನೆಯ ಸಲ ಉರುಳೆಗಳ ನಡುವೆ ಎರಡು ಹಾಳೆಗಳನ್ನು ಜೋಡಿಸಿ ಹಾಯಿಸುವುದರಿಂದ, ಉಕ್ಕಿಗೆ ತಾಗಿದ ಮೈ ಮಾತ್ರ ನುಣುಪಾಗುತ್ತದೆ. ಹೊಳೆಯುವ ಮೈಯನ್ನು ಮೇಲಿಟ್ಟರಾಯಿತು. ಆದರೆ ಅದು ದಪ್ಪ ಮತ್ತು ಒರಟು, ಸಣ್ಣ ತಿರುವುಗಳಲ್ಲಿ ಬಗ್ಗದೆ ನೆರಿಗೆ ಕಟ್ಟುತ್ತದೆ. ಹುಡುಗ ಅದರಲ್ಲಿ ನಾಲ್ಕಾರು ಸಲ ಕೈ ನೋಡಿಕೊಂಡು ಬಿಟ್ಟುಬಿಟ್ಟಿದ್ದನು.

ಆ ಮನೆಯ ಮೂರನೆಯವರು ತಾಯಿಯ ತಂದೆ. ಪತ್ತನಾಜೆ ಕಳೆದು, ಮಳೆ ಬಲಿತ ಮೇಲೆ, ಊರಿನ ಮನೆಯಲ್ಲಿ ಒಬ್ಬರೇ ಇರುವುದು ಬೇಡವೆಂದು ಮಗಳು ಒತ್ತಾಯಿಸಿ ಕರೆತಂದಿದ್ದಳು. ಯಕ್ಷಗಾನದ ಹಿರಿಯ ಕವಿ ಪಾರ್ತಿಸುಬ್ಬನ ಹೆಸರಿನೊಡನೆ ಬೆರೆತ ಆ ಕುಂಬಳೆ ಸೀಮೆಯಲ್ಲಿ ಅಜ್ಜ ವೇಷ ಕಟ್ಟಿದವರಲ್ಲ, ಭಾಗವತಿಕೆ ಮಾಡಿದವರೂ ಅಲ್ಲ. ತೆಂಕುತಿಟ್ಟಿನ ವೇಷಗಳಿಗೆ ಕಿರೀಟ, ಭುಜಕೀರ್ತಿ, ಎದೆಪದಕ, ಕರ್ಣಪತ್ರಗಳನ್ನು ಮಾಡಿಕೊಡುತ್ತಿದ್ದವರು. ಹಗುರವಾದ ಮರದಲ್ಲಿ ಆಕಾರ ಕೆತ್ತಿ, ನುಣುಪು ಮಾಡಿ, ಅದರ ಮೇಲೆ ಹೊನ್ನಿನ ಬಣ್ಣದ ಬೇಗಡೆ ಹಚ್ಚಿ, ನಡುನಡುವೆ ಕನ್ನಡಿಯ ಚೂರು, ಬಣ್ಣದ ಮಣಿ ಕೂರಿಸುವ ಕೆಲಸ. ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಆರು ತಿಂಗಳ ಬೆವರಿಗೂ ಧೂಳಿಗೂ ಮಾಸಿದ ಆಭರಣಗಳು ಅವರ ಜಗಲಿಗೆ ಬರುತ್ತಿದ್ದವು. ಊರೆಲ್ಲ ಮಳೆಗೆ ಮುದುಡಿ ಕುಳಿತಿರುವಾಗ ಅವರ ಕೈತುಂಬ ಕೆಲಸ. ಈಚಿನ ನಾಲ್ಕು ವರ್ಷಗಳಿಂದ ಅವರು ಯಾವ ಕೆಲಸವನ್ನೂ ಒಪ್ಪಿಕೊಂಡಿರಲಿಲ್ಲ. ಕೇಳಿದರೆ, ಈಗಿನವರಿಗೆ ತಯಾರಿ ಮಾಲು ಸಾಕು, ನಮ್ಮದು ಯಾರಿಗೆ ಬೇಕು ಎನ್ನುತ್ತಿದ್ದರು.

ಬೇಗಡೆ ಎಂಬ ಮಾತಿಗೆ ಕನ್ನಡದಲ್ಲಿ ಒಳ್ಳೆಯ ಹೆಸರಿಲ್ಲ. ಒಳಗೆ ಹುರುಳಿಲ್ಲದೆ ಮೇಲೆ ಮಾತ್ರ ಮಿರುಗುವುದನ್ನು ಬೇಗಡೆ ಎಂದು ತಳ್ಳಿಹಾಕುವುದು ರೂಢಿ. ಹಾಗೆನ್ನುವವರು ಒಂದು ಸಲವಾದರೂ ಅದನ್ನು ಹಚ್ಚಿ ನೋಡಿದ್ದರೆ ಮಾತಿಗೆ ಮುಂಚೆ ಯೋಚಿಸುತ್ತಿದ್ದರು. ಬಣ್ಣ ತಪ್ಪನ್ನು ಮುಚ್ಚುತ್ತದೆ, ಬೇಗಡೆ ಮುಚ್ಚುವುದಿಲ್ಲ. ಕೆಳಗೆ ಒಂದು ಧೂಳಿನ ಕಣವಿದ್ದರೆ ಮೇಲೆ ಗುಡ್ಡ ಏಳುತ್ತದೆ. ಗೀರು ಇದ್ದರೆ ಕಣಿವೆ ಬೀಳುತ್ತದೆ. ಬೆರಳಿನ ಜಿಡ್ಡು ಉಳಿದಿದ್ದರೆ ಎರಡೇ ದಿನದಲ್ಲಿ ಅಂಚು ಎದ್ದು ನಿಲ್ಲುತ್ತದೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ತೆಳುವಾದ ಉಬ್ಬುಗೆಲಸ ಮಾಡಿ ಚಿನ್ನದ ರೇಕು ಹಚ್ಚುವ ಕಲಾವಿದರಿಗೂ ಇದೇ ಪಾಡು. ಚಿನ್ನದ ರೇಕಿನ ದಪ್ಪವಾದರೋ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನ ಆಸುಪಾಸು. ಅಷ್ಟು ತೆಳುವಾದುದು ಏನನ್ನು ತಾನೇ ಮರೆಮಾಡೀತು?

ಅಜ್ಜನಿಗೆ ಮೊಮ್ಮಗನ ಕಾರಿನ ಸುದ್ದಿ ತಿಳಿದದ್ದು ವಾಸನೆಯಿಂದ. “ಥಿನ್ನರಿನ ವಾಸನೆ ಬರ್ತಾ ಉಂಟಲ್ಲ, ಎಂತ ಮಾಡ್ತೀ ಮಗಾ?” ಎಂದು ಮೇಜಿನ ಬಳಿಗೆ ಬಂದರು. ಹುಡುಗ ಆಗ ಹಿಂಬದಿಯ ಅಕ್ಷರಗಳಲ್ಲಿ ತೊಡಗಿದ್ದನು. ಆಟಿಕೆಯ ಡಿಕ್ಕಿಯ ಮೇಲೆ ಕಾರಿನ ಹೆಸರು ಸಾಸಿವೆಗಿಂತಲೂ ಸಣ್ಣ ಉಬ್ಬಕ್ಷರಗಳಲ್ಲಿತ್ತು. ಇದಕ್ಕೆ ಒಂದು ಉಪಾಯವಿದೆ. ಬಣ್ಣ ಹೊಡೆಯುವ ಮೊದಲೇ ಅಕ್ಷರಗಳ ಮೇಲೆ ಫಾಯಿಲು ಅಂಟಿಸಿ ಚೆನ್ನಾಗಿ ಒತ್ತಿ, ಆಮೇಲೆ ಇಡೀ ಮೈಗೆ ಬಣ್ಣ ಹೊಡೆಯಬೇಕು. ಬಣ್ಣ ಆರಿದ ಮೇಲೆ ಚಪ್ಪಟೆ ಕಡ್ಡಿಗೆ ಬಿಗಿಯಾಗಿ ಸುತ್ತಿದ ಬಟ್ಟೆಗೆ ಥಿನ್ನರಿನ ಪಸೆ ಮಾತ್ರ ತಾಗಿಸಿ ಮೆಲ್ಲನೆ ಸವರಿದರೆ, ಉಬ್ಬಿದ ನೆತ್ತಿಯ ಬಣ್ಣವಷ್ಟೇ ಎದ್ದುಹೋಗಿ ಅಕ್ಷರಗಳು ಹೊಳೆಯುತ್ತವೆ. ಅಜ್ಜ ಬೆರಳ ತುದಿಯನ್ನು ಅಕ್ಷರಗಳ ಮೇಲೆ ಹಗುರಾಗಿ ಎಳೆದರು.

“ಹತ್ತು ಅಕ್ಷರ ಉಂಟು,” ಎಂದರು. “ಕಲ್ಲಿನ ಅಡಿಗೆ ಬೇಗಡೆ ಇಟ್ಟ ಹಾಗೆ ಮಾಡಿದೆಯಲ್ಲ. ಒಳ್ಳೆಯದು. ಆದರೆ ಕಾರಿಗೆ ಹಳದಿ ಬಣ್ಣ ಎಂತಕ್ಕೆ? ನಿನ್ನ ಅಪ್ಪನದು ಬಿಳಿ ಅಲ್ವಾ?”

“ಹಳದಿ ಎಲ್ಲುಂಟು ಅಜ್ಜ? ಇದು ಬಿಳಿಯೇ.”

“ಬಲ್ಬಿನ ಬೆಳಕಿಗೆ ಹಾಗೆ ಕಂಡದ್ದಿರಬೇಕು. ಇರಲಿ.”

ಹುಡುಗನಿಗೆ ಅಜ್ಜನ ಆಸಕ್ತಿ ಹಿತವೆನಿಸಲಿಲ್ಲ. ಕಿರೀಟಕ್ಕೂ ಕಾರಿಗೂ ಏನು ಸಂಬಂಧವೆಂದು ಅವನ ಎಣಿಕೆ. ಮರುದಿನ ಶನಿವಾರ ಅವನು ಬಲಬದಿಯ ಕಿಟಕಿಗಳನ್ನು ತನಗೆ ತೋಚಿದಂತೆ ಮಾಡಹೊರಟನು. ಎರಡು ಕಿಟಕಿಗಳನ್ನೂ ಮುಚ್ಚುವಷ್ಟು ದೊಡ್ಡ ತುಂಡನ್ನು ಕತ್ತರಿಸಿ, ಒಮ್ಮೆಲೇ ಹಾಸಿ, ಚೌಕಟ್ಟಿನ ಒಳಗೂ ಹೊರಗೂ ಬ್ಲೇಡು ಓಡಿಸಿ, ನಡುವಿನದನ್ನು ಕಿತ್ತು ತೆಗೆಯುವ ವಿಧಾನ ಅದು. ಹಾಳೆ ಧಾರಾಳವಾಗಿ ಉಳ್ಳವರಿಗೆ ಅದು ಸರಿ. ಇವನು ಹಾಸುವಾಗಲೇ ನಡುವೆ ನೆರಿಗೆ ಬಿತ್ತು. ನೇರ ಮಾಡಲು ಎಳೆದನು. ಹರಿಯಿತು. ಗೇಣುದ್ದದ ತುಂಡಿನಲ್ಲಿ ಅರ್ಧಕ್ಕೂ ಹೆಚ್ಚು ಅರೆನಿಮಿಷದಲ್ಲಿ ಕಸವಾಯಿತು. ಹುಡುಗ ಅಳಲಿಲ್ಲ, ಎದ್ದು ಹೋಗಿ ಮಳೆ ನೋಡುತ್ತಾ ಅಂಗಳದ ಬದಿಯಲ್ಲಿ ನಿಂತನು.

ಅಜ್ಜ ಏನನ್ನೂ ಕೇಳಲಿಲ್ಲ. ಮೇಜಿನ ಮೇಲಿದ್ದ ಮುದ್ದೆಯಾದ ಫಾಯಿಲನ್ನು ಎತ್ತಿ ಎರಡು ಬೆರಳ ನಡುವೆ ತಿಕ್ಕಿ ನೋಡಿದರು. ತಮ್ಮ ಚೀಲದಿಂದ ತಗಡಿನ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಕೆಲಸ ಬಿಟ್ಟವರು ಆ ಡಬ್ಬಿಯನ್ನು ವಯನಾಡಿನವರೆಗೆ ಏಕೆ ಹೊತ್ತು ತಂದಿದ್ದರೋ! ಅದರೊಳಗೆ ಬೆನ್ನು ಸವೆದ ಒಂದು ಕವಡೆ, ಉಗುರಿನಷ್ಟು ಅಗಲದ ಮೆತ್ತನೆಯ ಚರ್ಮದ ತುಂಡು, ತುದಿಯನ್ನು ಬೇರೆ ಬೇರೆ ರೀತಿಯಲ್ಲಿ ನುಣುಪು ಮಾಡಿದ ಐದಾರು ಬಿದಿರ ಕಡ್ಡಿಗಳು ಇದ್ದವು.

ಆ ಸಂಜೆಯಿಂದ ಇಬ್ಬರೂ ಒಟ್ಟಿಗೆ ಕುಳಿತರು. ಅಜ್ಜ ಉಪದೇಶಿಸುವ ಸ್ವಭಾವದವರಲ್ಲ. ಪ್ರಶ್ನೆ ಕೇಳುತ್ತಿದ್ದರು. ಕೂಡು ಎಲ್ಲಿ ಬರ್ತದೆ? ಇದು ಮೊದಲ ಪ್ರಶ್ನೆ. ಇಡೀ ಚೌಕಟ್ಟಿಗೆ ಒಂದೇ ತುಂಡು ಏಕೆ? ಕಿರೀಟದಲ್ಲಿ ಎರಡು ಬೇಗಡೆ ಸೇರುವ ಜಾಗದಲ್ಲಿ ಮಣಿ ಕೂರಿಸುತ್ತಾರೆ. ಕಾರಿನಲ್ಲಿ ಮಣಿಯಿಲ್ಲ, ಆದರೆ ಬಾಗಿಲು ತೆರೆಯುವ ಗೆರೆ ಉಂಟಲ್ಲ. ಕೂಡು ಆ ಗೆರೆಯಲ್ಲಿ ಬಂದರೆ ಯಾರಿಗೆ ಕಾಣುತ್ತದೆ? ಹುಡುಗ ಲೆಕ್ಕ ಹಾಕಿದನು. ಕಿರುಬೆರಳಿನ ಉಗುರಿನ ಉದ್ದದ, ಎರಡು ಮಿಲಿಮೀಟರು ಅಗಲದ ಪಟ್ಟಿಗಳಾಗಿ ಕತ್ತರಿಸಿದರೆ ಉಳಿದ ಫಾಯಿಲು ಎರಡು ಬದಿಗೂ ಸಾಕಾಗುತ್ತದೆ. ಬಂಪರುಗಳಿಗೂ ದಕ್ಕುತ್ತದೆ. ತಪ್ಪಿಗೆ ಮಾತ್ರ ಏನೂ ಉಳಿಯುವುದಿಲ್ಲ.

ಎರಡನೆಯದು ಬ್ಲೇಡಿನ ಪ್ರಶ್ನೆ. ಹೊಸ ಬ್ಲೇಡು ಎಂದು ಹುಡುಗ ಹೇಳಿದಾಗ ಅಜ್ಜ ಅದನ್ನು ತಮ್ಮ ಹೆಬ್ಬೆರಳ ಉಗುರಿನ ಮೇಲೆ ಭಾರ ಹಾಕದೆ ಇಟ್ಟು ನೋಡಿದರು. ಹರಿತವಾದದ್ದು ಉಗುರನ್ನು ಕಚ್ಚಿ ನಿಲ್ಲುತ್ತದೆ, ಮೊಂಡಾದದ್ದು ಜಾರುತ್ತದೆ. ಅದು ಜಾರಿತು. ಒಂದು ಸಲ ಪ್ಲಾಸ್ಟಿಕನ್ನು ಕತ್ತರಿಸಿದ ಬ್ಲೇಡು ಬೇಗಡೆಗೆ ಆಗದು. ಅದು ಕತ್ತರಿಸುವುದಿಲ್ಲ, ಎಳೆದು ಹರಿಯುತ್ತದೆ. ಹೊಸ ಬ್ಲೇಡಿನಲ್ಲಿಯೂ ಅದರ ಸ್ವಂತ ಭಾರಕ್ಕಿಂತ ಹೆಚ್ಚು ಒತ್ತಬಾರದು. ಒತ್ತಿದರೆ ಕೆಳಗಿನ ಬಣ್ಣಕ್ಕೆ ಗಾಯವಾಗುತ್ತದೆ. ಉಬ್ಬಿದ ಅಂಚಿನ ಬುಡವನ್ನೇ ದಾರಿಯಾಗಿ ಹಿಡಿದು, ನಡುವೆ ನಿಲ್ಲಿಸದೆ, ಒಂದೇ ಎಳೆತದಲ್ಲಿ ತಲುಪಬೇಕು. ನಿಂತಲ್ಲಿ ಹಲ್ಲು ಬೀಳುತ್ತದೆ.

ಒತ್ತುವುದೂ ಹಾಗೆಯೇ. ಪಟ್ಟಿಯನ್ನು ಚಿಮಟದಿಂದ ಎತ್ತಿ ಅಂಚಿನ ಮೇಲೆ ಸುಮ್ಮನೆ ಇಟ್ಟು, ಮೊದಲು ನಡುವಿನಲ್ಲಿ ಬೆರಳು. ಆಮೇಲೆ ಎರಡೂ ತುದಿಗಳ ಕಡೆಗೆ. ತುದಿಯಿಂದ ಒತ್ತುತ್ತಾ ಬಂದರೆ ಗಾಳಿ ನಡುವೆ ಸಿಕ್ಕಿಕೊಳ್ಳುತ್ತದೆ. ಬಳಿಕ ಚರ್ಮದ ತುಂಡು, ಕೊನೆಗೆ ಬಿದಿರಿನ ಕಡ್ಡಿ. ಉಬ್ಬಿನ ಎರಡು ಬದಿಗಳ ಸಂದಿಗೆ ಫಾಯಿಲು ಇಳಿದು ಮಡಿಲಿಗೆ ಬೀಳುವವರೆಗೆ ಉಜ್ಜಬೇಕು. ಉಜ್ಜಿದಷ್ಟೂ ಹೊಳಪು ಏರುತ್ತದೆ. ಕತ್ತರಿಸಿ ಹೆಚ್ಚಿನದನ್ನು ಕಿತ್ತ ಮೇಲೆ ಅಂಚನ್ನು ಮತ್ತೊಮ್ಮೆ ಉಜ್ಜಿ ಕೂರಿಸಬೇಕು. ಕವಡೆ ಇಲ್ಲಿ ದೊಡ್ಡದಾಯಿತು. ಅದು ಕಿರೀಟದ ಬಯಲಿಗೆ ಸರಿ ಎಂದು ಅಜ್ಜ ಅದನ್ನು ಡಬ್ಬಿಗೆ ಮರಳಿಸಿದರು.

ದೀಪದ ಬಳೆಗೆ ಎಷ್ಟು ಉದ್ದದ ಪಟ್ಟಿ ಬೇಕೆಂಬ ಪ್ರಶ್ನೆ ಬಂದಾಗ ಹುಡುಗ ಅಳೆದನು: ವ್ಯಾಸ 7 ಮಿಲಿಮೀಟರು. ಕಾಗದದ ಮೇಲೆ ಗುಣಿಸಿ, ಪರಿಧಿ 22 ಎಂದು ಬರೆದನು. ಅಜ್ಜ ಅದಕ್ಕೆ ಮೊದಲೇ ದಾರವೊಂದನ್ನು ಬೆರಳುಗಳ ನಡುವೆ ಹಿಡಿದು, “ಅಡ್ಡಳತೆಯ ಮೂರು ಪಾಲು, ಮೇಲೆ ಒಂದು ಚೂರು,” ಎಂದು ಗುರುತು ಹಾಕಿಯಾಗಿತ್ತು. ದಾರವನ್ನು ಅಳತೆ ಪಟ್ಟಿಯ ಮೇಲೆ ಇಟ್ಟಾಗ 22ಕ್ಕಿಂತ ಕೂದಲೆಳೆಯಷ್ಟು ಹೆಚ್ಚಿತ್ತು. ಆ ಹೆಚ್ಚು, ಕೂಡಿನಲ್ಲಿ ಒಂದರ ಮೇಲೊಂದು ಕೂರಲು ಬೇಕಾದದ್ದು. ಹುಡುಗ ನಕ್ಕನು. ಬಹಳ ದಿನಗಳ ಮೇಲೆ ಅವನು ‘ಪರಿಧಿ’ ಎಂಬ ಮಾತನ್ನು ಬಾಯಿಬಿಟ್ಟು ಹೇಳಿದ್ದನು.

ಹೀಗೆ ಬಲಬದಿ ಮುಗಿಯಿತು. ಕೆಲಸ ದಿನಕ್ಕೆ ಒಂದು ಗಂಟೆ. ಅದರ ಮೊದಲು ಮತ್ತೊಂದು ಕಟ್ಟಳೆಯಿತ್ತು. ಊರಿನಿಂದ ಅಂಚೆಯಲ್ಲಿ ಮೂರು ನಾಲ್ಕು ದಿನ ತಡವಾಗಿ ಬರುವ ಕನ್ನಡ ವಾರಪತ್ರಿಕೆಯನ್ನು ಹುಡುಗ ಅಜ್ಜನಿಗೆ ಗಟ್ಟಿಯಾಗಿ ಓದಿ ಹೇಳಬೇಕು. “ನಿನಗೆ ಕನ್ನಡ ಮರೆತುಹೋಗಬಾರದು, ಅದಕ್ಕೆ,” ಎಂದು ಅಜ್ಜ ಬಂದ ದಿನವೇ ಹೇಳಿದ್ದರು. ತಾಯಿಗೂ ಅದು ಸರಿಯೆನಿಸಿತ್ತು. ಹುಡುಗ ಗೊಣಗುತ್ತಾ ಓದುತ್ತಿದ್ದನು.

ಎಡಬದಿಯ ಮುಂಬಾಗಿಲಿನ ಕೆಳಪಟ್ಟಿಯಲ್ಲಿ ಅನಾಹುತವಾಯಿತು. ಆ ದಿನ ಅಜ್ಜ ಊಟದ ಬಳಿಕ ಮಲಗಿದ್ದರು. ಹುಡುಗ ಒಬ್ಬನೇ ಕುಳಿತು, ಬ್ಲೇಡು ಎಳೆಯುತ್ತಿದ್ದಾಗ, ವಿದ್ಯುತ್ತು ಹೋಯಿತು. ಕೈ ತಡೆದು ಜಾರಿತು. ದೀಪ ಬಂದ ಮೇಲೆ ನೋಡಿದರೆ ಪಟ್ಟಿಯ ಅರ್ಧ ಓರೆಯಾಗಿ ಕತ್ತರಿಸಿ ಹೋಗಿ, ತುದಿ ಎದ್ದು ನಿಂತಿತ್ತು. ಬಿಳಿಯ ಬಣ್ಣದ ಮೇಲೆ ಸಣ್ಣ ಗೀರು. ಅಜ್ಜ ಎದ್ದು ಬಂದಾಗ ಹುಡುಗ ಕಾರನ್ನು ಎತ್ತಿ ಅವರ ಮುಖದ ಮುಂದೆ ಹಿಡಿದನು. ಬೈಸಿಕೊಳ್ಳಲು ಸಿದ್ಧನಾಗಿಯೇ ಹಿಡಿದನು.

“ಹೇಗುಂಟು ಅಜ್ಜ?”

ಅಜ್ಜ ಕಾರನ್ನು ಕೈಗೆ ತೆಗೆದುಕೊಳ್ಳಲಿಲ್ಲ. ತಲೆಯನ್ನು ಆಚೆ ಈಚೆ ವಾಲಿಸಿ ನೋಡಿ, “ಲಾಯ್ಕ ಆಯಿತು. ಸರಿ ಕೂತಿದೆ,” ಎಂದರು.

ಹಂಗಿಸುತ್ತಿದ್ದಾರೆಂದು ಹುಡುಗನಿಗೆ ಸಿಟ್ಟು ಬಂತು. ಕಾರನ್ನು ಪೆಟ್ಟಿಗೆಯೊಳಗೆ ಇಟ್ಟು ಹೊರಗೆ ಹೋದನು. ಆದರೆ ಅಜ್ಜ ಹಂಗಿಸುವವರಲ್ಲ. ರಾತ್ರಿ ಮಲಗಿದಾಗ ಹಳದಿ ಬಣ್ಣದ ಮಾತು ನೆನಪಾಯಿತು. ಅಕ್ಷರಗಳನ್ನು ಬೆರಳಿನಿಂದ ಎಣಿಸಿದ್ದು ನೆನಪಾಯಿತು. ಬ್ಲೇಡಿಗೆ ಉಗುರು, ಅಳತೆಗೆ ದಾರ, ಅಂಚು ಕೂತಿದೆಯೇ ಎಂದು ನೋಡಲು ಪ್ರತಿ ಸಲವೂ ಕಿರುಬೆರಳು. ಮತ್ತೆ ಆ ವಾರಪತ್ರಿಕೆ. ಮರುದಿನ ಬೆಳಗ್ಗೆ ಅವನು ಪತ್ರಿಕೆಯನ್ನು ತಲೆಕೆಳಗಾಗಿ ಅಜ್ಜನ ಕೈಗೆ ಕೊಟ್ಟು, ಎದುರಿಗೆ ಕುಳಿತನು. ಅಜ್ಜ ಅದನ್ನು ತಿರುಗಿಸಲಿಲ್ಲ. “ನೀನೇ ಓದು ಮಗಾ,” ಎಂದು ಹಾಗೆಯೇ ಹಿಂದೆ ಕೊಟ್ಟರು.

ಸಾಕ್ಷ್ಯದ ಕಾನೂನು ಕಣ್ಣಾರೆ ಕಂಡದ್ದನ್ನು ಕಂಡವನೇ ಹೇಳಬೇಕೆನ್ನುತ್ತದೆ. ಕೇಳಿದ್ದನ್ನು ಕೇಳಿದವನು, ಬೇರಾವ ಇಂದ್ರಿಯದಿಂದ ಅರಿತದ್ದನ್ನು ಹಾಗೆ ಅರಿತವನು. ಬೆರಳಿನಿಂದ ಅರಿತದ್ದಕ್ಕೆ ಅಲ್ಲಿ ಕೀಳು ಸ್ಥಾನವಿಲ್ಲ. ಅಜ್ಜ ಮುಟ್ಟಿ ಹೇಳಿದ್ದರಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಮುಟ್ಟದೆ ಹೇಳಿದ ಒಂದೇ ಮಾತು ಸುಳ್ಳಾಯಿತು. ಇಷ್ಟು ಕಾಲ ಅದನ್ನು ಮನೆಮಂದಿಯಿಂದ ಮುಚ್ಚಿಟ್ಟುದಕ್ಕೆ ಕಾರಣ ಹೆದರಿಕೆಯೋ ಅಭಿಮಾನವೋ, ಎರಡೂ ಇರಬಹುದು. ಬೇಗಡೆಯವನಿಗೆ ಕಣ್ಣು ಕಾಣುವುದಿಲ್ಲವೆಂಬ ಮಾತು ಊರಿನಲ್ಲಿ ಹುಟ್ಟುವುದಕ್ಕಿಂತ, ಕೆಲಸಕ್ಕೆ ಗಿರಾಕಿಯಿಲ್ಲವೆಂಬ ಮಾತು ಅವರಿಗೆ ಸಹ್ಯವಾಗಿ ತೋರಿರಬೇಕು.

ಹುಡುಗ ಎರಡು ದಿನ ಯೋಚಿಸಿದನು. ಹೇಳಿದರೆ ಅಜ್ಜನಿಗೆ ಅವಮಾನ, ಹೇಳದಿದ್ದರೆ ಏನಾಗುವುದೋ ತಿಳಿಯದು. ಮೂರನೆಯ ದಿನ ತಾಯಿ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಹೇಳಿದನು. ಅವಳು ಸೌಟು ಕೆಳಗಿಟ್ಟು ಜಗಲಿಗೆ ಬಂದು, “ಅಪ್ಪ, ನೀವು ನನ್ನಲ್ಲಿ ಒಂದು ಮಾತು ಹೇಳಬಾರದಿತ್ತಾ?” ಎಂದಳು. ಅಷ್ಟಕ್ಕೇ ಅಜ್ಜನಿಗೆ ಎಲ್ಲವೂ ಅರ್ಥವಾಯಿತು. ಅವರು ಮಗಳಿಗೆ ಉತ್ತರಿಸಲಿಲ್ಲ. ಮೊಮ್ಮಗನ ಕಡೆಗೆ ತಿರುಗಿ, “ದೂರು ಕೊಟ್ಟೆಯಾ?” ಎಂದು ಕೇಳಿದರು. ಆ ದಿನವೂ ಮರುದಿನವೂ ಮೇಜಿನ ಬಳಿಗೆ ಬರಲಿಲ್ಲ. ವಾರಪತ್ರಿಕೆ ಹೊದಿಕೆ ಬಿಚ್ಚದೆ ಬಿದ್ದಿತ್ತು. ಹುಡುಗ ಅಷ್ಟು ನೊಂದದ್ದು ಹೊಸ ಶಾಲೆಯ ಉತ್ತರಪತ್ರಿಕೆಗೂ ಅಲ್ಲ.

ಪರೀಕ್ಷಿಸಿದ ವೈದ್ಯರು ಎರಡೂ ಕಣ್ಣಿಗೆ ಪೊರೆ ಬಲಿತಿದೆ ಎಂದರು. ಪೊರೆ ಬಂದ ಕಣ್ಣಿನ ಮಸೂರ ಮಂಜಾಗುವುದಷ್ಟೇ ಅಲ್ಲ, ಹಳದಿಗೂ ತಿರುಗುತ್ತದೆ. ಅದರ ಮೂಲಕ ನೋಡುವವರಿಗೆ ಬಿಳಿ ಕೆನೆಯ ಬಣ್ಣವಾಗಿ, ನೀಲಿ ಮಾಸಲಾಗಿ ಕಾಣುತ್ತದೆ. ಆದರೆ ಬದಲಾವಣೆ ವರ್ಷಗಟ್ಟಲೆ ಮೆಲ್ಲನೆ ಆಗುವುದರಿಂದ ಅವರಿಗೆ ಅದು ತಿಳಿಯುವುದೇ ಇಲ್ಲ. ಶಸ್ತ್ರಕ್ರಿಯೆ ಕಡಿಮೆ ಹೊತ್ತಿನದು. ಮಂಜಾದ ಮಸೂರವನ್ನು ತೆಗೆದು ಕೃತಕ ಮಸೂರ ಇಡುತ್ತಾರೆ, ಅದೇ ದಿನ ಮನೆಗೆ ಬರಬಹುದು. ಮೊದಲು ಬಲಗಣ್ಣು ಎಂದು ನಿಶ್ಚಯವಾಯಿತು. ಅಜ್ಜ ಒಪ್ಪಿದರು. ಒಪ್ಪುವಾಗಲೂ ಮಗಳ ಮುಖ ನೋಡಲಿಲ್ಲ.

ಕಟ್ಟು ಬಿಚ್ಚಿದ ಬೆಳಗ್ಗೆ ಮಳೆ ಬಿಡುವು ಕೊಟ್ಟಿತ್ತು. ಅಜ್ಜ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕುಳಿತು ಹಗ್ಗದ ಮೇಲಿನ ಬಟ್ಟೆಗಳನ್ನು ಬಹಳ ಹೊತ್ತು ನೋಡಿದರು. ಮೊಮ್ಮಗನ ಶಾಲೆಯ ಅಂಗಿ ಅಷ್ಟು ಬೆಳ್ಳಗೆ ಇದೆಯೆಂದು ಅವರಿಗೆ ಗೊತ್ತಿರಲಿಲ್ಲ. ಆಮೇಲೆ, ಕಣ್ಣಿಗೆ ಔಷಧಿ ಬಿಡಲು ಬಂದ ಹುಡುಗನೊಡನೆ, “ಕಾರು ತಾ,” ಎಂದರು.

ತಂದನು. ಈ ಸಲ ಅಜ್ಜ ಅದನ್ನು ಕೈಗೆ ತೆಗೆದುಕೊಂಡರು. ಕಪ್ಪು ಕನ್ನಡಕವನ್ನು ಹಣೆಗೆ ಏರಿಸಿ, ತೋಳು ನೀಡಿ ದೂರಕ್ಕೆ ಹಿಡಿದು, ಬಲಬದಿಯನ್ನು ನೋಡಿದರು. ಮುಂದಿನ ದೀಪಗಳನ್ನು ನೋಡಿದರು. ಡಿಕ್ಕಿಯ ಅಕ್ಷರಗಳನ್ನು ನೋಡಿದರು. ಎಡಬದಿಗೆ ತಿರುಗಿಸಿದಾಗ ಕೈ ನಿಂತಿತು.

“ಬಿಳಿಯೇ,” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದಕ್ಕಾ ನಾನು ಲಾಯ್ಕ ಅಂದದ್ದು?” ಎಂದು ಕೇಳಿದರು.

“ಹೌದು ಅಜ್ಜ.”

“ತೆಗಿ ಅದನ್ನು. ಬೇರೆ ಹಾಕುವ. ಎಷ್ಟು ಉಳಿದಿದೆ?”

ಪಾಠಪುಸ್ತಕದ ನಡುವಿನಿಂದ ತೆಗೆದು ಅಳೆದಾಗ, ಉಳಿದ ಎಡಬದಿಗೆ, ಎರಡು ಬಂಪರುಗಳಿಗೆ ಬೇಕಾದಷ್ಟು ಬಿಟ್ಟು, ಆ ಕೆಳಪಟ್ಟಿಗೆ ಒಂದೇ ಒಂದು ತುಂಡು ಮಿಕ್ಕುತ್ತಿತ್ತು. ಅದೂ ಅಗಲ ಕಡಿಮೆಯದು. ಅಜ್ಜ ಅವಸರ ಮಾಡಗೊಡಲಿಲ್ಲ. ಗೀರು ಬಿದ್ದ ಬಣ್ಣವನ್ನು ಮೊದಲು ತಿಕ್ಕಿ ಸಮ ಮಾಡಬೇಕು, ಮತ್ತೆ ಬಣ್ಣ ತಾಗಿಸಬೇಕು, ಅದು ಪೂರ್ತಿ ಆರಬೇಕು. ಬಲ್ಬಿನ ಪೆಟ್ಟಿಗೆ ಇನ್ನೊಂದು ವಾರ ಊಟದ ಮೇಜಿನ ಮೇಲೆಯೇ ಉಳಿಯಿತು. ಅಷ್ಟರಲ್ಲಿ ಉಳಿದದ್ದೆಲ್ಲ ಮುಗಿಯಿತು, ಬಂಪರುಗಳೂ ಮುಗಿದವು. ಆ ಕೊನೆಯ ಪಟ್ಟಿಯನ್ನು ಮಾತ್ರ ಹುಡುಗ ಮುಂದೂಡುತ್ತಾ ಬಂದನು. ಅಜ್ಜನಿಗೆ ಓದುವ ಕನ್ನಡಕ ಬರಲಿ ಎಂದು ಅವನ ನೆಪ.

ಕನ್ನಡಕ ಬಂದದ್ದು ಓಣಂ ರಜೆಯಲ್ಲಿ, ತಂದೆ ಬರುವುದಕ್ಕೆ ಎರಡು ದಿನ ಮೊದಲು. ಸಂಜೆ ಮೇಜಿನ ದೀಪ ಹಚ್ಚಿ ಹುಡುಗ ಹೊಸ ಬ್ಲೇಡನ್ನು ಉಗುರಿನ ಮೇಲೆ ಇಟ್ಟು ನೋಡಿದನು. ಕಚ್ಚಿತು. ಪಟ್ಟಿಯನ್ನು ಇಟ್ಟು, ನಡುವಿನಿಂದ ಒತ್ತಿ, ಬಿದಿರಿನ ಕಡ್ಡಿಯಿಂದ ಸಂದಿಗೆ ಇಳಿಸಿದನು. ಎದುರಿಗೆ ಅಜ್ಜ ಆ ವಾರದ ಪತ್ರಿಕೆಯ ಹೊದಿಕೆ ಬಿಚ್ಚಿ, ಮಡಿಕೆ ನೇರ ಮಾಡಿ, ಮೊದಲ ಪುಟದಿಂದ ಗಟ್ಟಿಯಾಗಿ ಓದತೊಡಗಿದರು. ನಾಲ್ಕು ವರ್ಷಗಳ ಬಿಡುವಿನಿಂದ ಓದು ನಿಧಾನವಾಗಿತ್ತು; ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಡೆಯುತ್ತಿತ್ತು. ಹುಡುಗ ತಲೆಯೆತ್ತದೆ ಎರಡು ಕಡೆ ತಿದ್ದಿದನು. ಬ್ಲೇಡು ಅಂಚಿನ ಬುಡಕ್ಕೆ ತಾಗಿದ ಕೂಡಲೆ ಅಜ್ಜ ವಾಕ್ಯದ ನಡುವೆಯೇ ನಿಲ್ಲಿಸಿದರು. ಅದು ಇನ್ನೊಂದು ತುದಿ ಮುಟ್ಟಿ ಮೇಲೆದ್ದ ಮೇಲೆ, ಬಿಟ್ಟಲ್ಲಿಂದ ಮುಂದಕ್ಕೆ ಓದಿದರು.